ಬಿರುಕಿನ ಕೆಳಗೆ ಹಾಸಿದ ಚಾಪೆ

ದೊಡ್ಡನೆಕ್ಕುಂದಿಯ ಪಿಳ್ಳಮ್ಮ ಸುಲಭಕ್ಕೆ ಹೆದರುವ ಹೆಂಗಸಲ್ಲ. ಹೊಲದ ಬದುವಿನ ಮೇಲೆ ನಾಗರಹಾವು ಕಂಡರೂ ‘ದಾರಿ ಬಿಡಪ್ಪ’ ಎಂದು ನಿಂತು ಕಾಯುವವಳು. ಅಂಥವಳ ನಿದ್ದೆಯನ್ನು ಎಂಬತ್ತೆರಡನೇ ಇಸವಿಯಲ್ಲಿ ಒಂದು ಬಿರುಕು ಕೆಡಿಸಿತು.

ಸುತ್ತ ಕಾರ್ಖಾನೆಗಳು ಎದ್ದು, ಊರವರೆಲ್ಲ ಹೆಂಚು ಇಳಿಸಿ ಕಾಂಕ್ರೀಟಿನ ಮೋಲ್ಡ್ ಹಾಕಿಸುತ್ತಿದ್ದ ಕಾಲ. ಅವಳ ಗಂಡ ಬೈರಪ್ಪನಿಗೂ ಆಸೆ ಹುಟ್ಟಿತು. ಮಗಳು ಪ್ರಭಾ ಚೊಚ್ಚಲ ಬಾಣಂತನಕ್ಕೆ ಬರುವಷ್ಟರಲ್ಲಿ ಮುಂದಿನ ಕೋಣೆ ಸಿದ್ಧವಾಗಲಿ ಎಂದು ಕಂಟ್ರಾಕ್ಟರ್ ಹನುಮಯ್ಯನಿಗೆ ಕೆಲಸ ಒಪ್ಪಿಸಿದ. ಮಹಾನುಭಾವ ಮೋಲ್ಡ್ ಹಾಕಿದ್ದೇನೋ ಸರಿ, ಅದು ಗಟ್ಟಿಯಾಗುವ ಮುಂಚೆಯೇ ವೈಟ್‌ಫೀಲ್ಡಿನ ಇನ್ನೊಂದು ಕೆಲಸಕ್ಕೆ ಬೇಕೆಂದು ಕೆಳಗೆ ಆನಿಸಿದ್ದ ಕಂಬ, ಹಲಗೆಗಳನ್ನೆಲ್ಲ ಬಿಚ್ಚಿ ಗಾಡಿಗೆ ಹೇರಿಸಿದ. ಆಮೇಲೆ ಚಾವಣಿ ನಟ್ಟನಡುವೆ ಬಿರುಕು ಬಿಟ್ಟಿತು.

“ಬರೀ ಗಾರೆ ಬಿರುಕು ಕಣಕ್ಕ. ಸುಣ್ಣ ಬಳುದ್ರೆ ಕಾಣಾಕಿಲ್ಲ,” ಎಂದು ನಕ್ಕ ಹನುಮಯ್ಯ.

“ಕಾಣ್ದಿದ್ರೆ ಸರಿಯೋಯ್ತದಾ?”

“ಎಷ್ಟ್ ಮನೆ ಕಟ್ಟವ್ನೆ ಅವ್ನು! ಸುಮ್ಕಿರು ನೀನು,” ಎಂದ ಬೈರಪ್ಪ.

ಸುಮ್ಮನಿರುವುದು ಹೇಗೆ? ಗುಡಿಸಿದ ನೆಲದ ಮೇಲೆ ಬೆಳಗಾದರೆ ಮತ್ತೆ ಪುಡಿ ಉದುರಿರುತ್ತಿತ್ತು. ಬಿರುಕಿನ ನೇರ ಕೆಳಗೇ ತೊಟ್ಟಿಲು ತೂಗಿದಂತೆ ಕಂಡು ಪಿಳ್ಳಮ್ಮ ನಡುರಾತ್ರಿ ಎದ್ದು ಕೂರುತ್ತಿದ್ದಳು. ಬೈದು ನೋಡಿದಳು, ಅಂಗಲಾಚಿದಳು. ಗಂಡಸರಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ಬರುವುದಕ್ಕೆ ಒಂದು ವಾರವೂ ಇರಲಿಲ್ಲ.

ಮೋಲ್ಡ್ ಹಾಕಿದವರಿಗೆ ಮನೆಯವರು ಬಾಡೂಟ ಹಾಕುವುದು ಊರಿನ ವಾಡಿಕೆ. ಮೋಲ್ಡ್ ಹಾಕಿದ್ದು ಶ್ರಾವಣ ಶನಿವಾರವಾದ್ದರಿಂದ ಆ ಊಟ ಬಾಕಿ ಉಳಿದಿತ್ತು. ಶ್ರಾವಣ ಕಳೆದದ್ದೇ ಪಿಳ್ಳಮ್ಮ ಹನುಮಯ್ಯನಿಗೆ ಹೇಳಿಕಳಿಸಿದಳು, “ಎಂಡ್ರು ಮಗೀನೂ ಕರ್ಕಂಡ್ ಬಾ.”

ಆಳುಗಳಿಗೆ ಅಂಗಳದಲ್ಲಿ ಎಲೆ ಹಾಕಿದಳು. ಹನುಮಯ್ಯನ ಸಂಸಾರಕ್ಕೆ ಮಾತ್ರ ಹೊಸ ಕೋಣೆಯಲ್ಲಿ ಮರ್ಯಾದೆ. ಅವನ ಹೆಂಡತಿ ಮರಿಯಮ್ಮ, ಕಂಕುಳಲ್ಲಿ ನಿದ್ದೆ ಹೋದ ಕೂಸಿನೊಂದಿಗೆ ಹೊಸ್ತಿಲು ದಾಟಿದಳು. ಪಿಳ್ಳಮ್ಮ ಬಿರುಕಿನ ಕೆಳಗೆ ಚಾಪೆ ಬಿಡಿಸಿದಳು.

“ಕೈ ನೋಯ್ತದೆ, ಮಗೀನ ಇಲ್ಲಿ ಮಲಗ್ಸವ್ವ. ನೆಮ್ಮದಿಯಾಗಿ ಉಣ್ಣು.”

ಮರಿಯಮ್ಮ ಬಗ್ಗಿದಳು.

“ಅಲ್ಲಿ ಬ್ಯಾಡ!” ಹನುಮಯ್ಯ ಎಲೆ ದಾಟಿ ಬಂದು ಅವಳ ರಟ್ಟೆ ಹಿಡಿದು ಎಳೆದ. ಮುದ್ದೆ ಉರುಳಿತು, ಸಾರು ಚೆಲ್ಲಿತು.

ಮರಿಯಮ್ಮ ಗಂಡನ ಮುಖ ನೋಡಿದಳು. ಆಮೇಲೆ ತಲೆಯೆತ್ತಿ ಚಾವಣಿ ನೋಡಿದಳು. ಕೂಸನ್ನು ಎದೆಗೆ ಅವುಚಿಕೊಂಡು ಹೊರಗೆ ಓಡಿದಳು. ಬಾಗಿಲಲ್ಲಿ ನಿಂತಿದ್ದ ಬೈರಪ್ಪನಿಗೂ ಆಗ ಎಲ್ಲ ಅರ್ಥವಾಯಿತು.

“ನನ್ನ ಮಗಳ ಮಗೀನ ಮಲಗ್ಸಬೌದಾ, ಅನುಮಯ್ಯ?” ಎಂದಳು ಪಿಳ್ಳಮ್ಮ.

ಅವನು ತಲೆ ಎತ್ತಲಿಲ್ಲ. “ಒಡುದು ಬ್ಯಾರೆ ಆಕ್ತೀನಿ ಕಣಕ್ಕ,” ಎಂದ.

ಮಾರನೆಯ ಬೆಳಿಗ್ಗೆಯೇ ಸುತ್ತಿಗೆ ಸದ್ದು ಕೇಳಿಸಿತು. ಬಾಣಂತನ ಕೊಟ್ಟಿಗೆ ಪಕ್ಕದ ಹಳೆಯ ಪಡಸಾಲೆಯಲ್ಲೇ ಆಗಲಿ ಎಂದು ಬೈರಪ್ಪ ತಾನಾಗಿಯೇ ಅಲ್ಲಿ ಸುಣ್ಣ ಬಳಿಯುತ್ತಿದ್ದ. ಊರ ಹೆಂಗಸರು ಪಿಳ್ಳಮ್ಮನ ಜಾಣತನವನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಮಾತ್ರ ಚಾಪೆ ಸುತ್ತಿ ಅಟ್ಟಕ್ಕೆ ಎಸೆದಳು. ಹನುಮಯ್ಯ ‘ಬ್ಯಾಡ’ ಎನ್ನದೆ ಇದ್ದಿದ್ದರೆ ಆ ಕೂಸು ಅಲ್ಲಿ ಮಲಗುತ್ತಿತ್ತು. ತಾನು ತಡೆಯುತ್ತಿದ್ದೆನೇ ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.