ಜಯಕ್ಕನಿಗೆ ತಿಳಿಯದ ಕಂಪ್ಯೂಟರ್

ತಮ್ಮ ತಿರುಮಲ ದಡ್ಡ ಎಂಬುದು ಜಯಲಕ್ಷ್ಮಿಗೆ ಅವನ ಅಕ್ಷರಾಭ್ಯಾಸದ ದಿನವೇ ಗೊತ್ತಾಗಿತ್ತು. ಅಪ್ಪ ಅವನ ಬೆರಳು ಹಿಡಿದು ಅಕ್ಕಿಯ ಮೇಲೆ ಶ್ರೀಕಾರ ಬರೆಸಲು ಕೂತರೆ, ಅವನು ಇನ್ನೊಂದು ಕೈಯಲ್ಲಿ ಆ ಅಕ್ಕಿಯನ್ನೇ ಮುಕ್ಕುತ್ತಿದ್ದ. ಮುಂದೆ ಅವನು ಮದರಾಸಿನ ಗಿಂಡಿಯ ಒಂದು ಕಾರ್ಖಾನೆಯಲ್ಲಿ ಡೆಪ್ಯುಟಿ ಮ್ಯಾನೇಜರ್ ಆದದ್ದರಿಂದ ಈ ಸಂಗತಿ ಅವಳೊಬ್ಬಳಿಗೇ ಗೊತ್ತಿರುವ ಗುಟ್ಟಾಗಿ ಉಳಿದುಹೋಯಿತು.

ಜಯಲಕ್ಷ್ಮಿ ಮದುವೆಯಾಗಲಿಲ್ಲ. ಕೀಲ್ಪಾಕಿನಲ್ಲಿ ಒಂದು ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದು, ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹಿಂದಿ ಕಲಿಸಿ ನಿವೃತ್ತಳಾದಳು. ಮದರಾಸಿನಲ್ಲಿ ಹಿಂದಿ ಕಲಿಸುವುದೆಂದರೆ ಬೇಡ ಎಂದು ಕೈ ಅಡ್ಡ ಹಿಡಿದವರ ಎಲೆಗೆ ಬಡಿಸುವ ಕೆಲಸ. ಪ್ರಶ್ನೆ ಕೇಳಿದರೆ ಹುಡುಗಿ ಎದ್ದು ನಿಂತು, ಕಿಟಕಿಯಾಚೆಯ ಬೇವಿನ ಮರ ನೋಡುತ್ತ, "ತೆರಿಯಾದು ಮಿಸ್" ಅನ್ನುತ್ತಿದ್ದಳು. ಗೊತ್ತಿಲ್ಲ. ಗೊತ್ತಿದ್ದ ಹುಡುಗಿಯರೂ ಹಾಗೇ ಅನ್ನುತ್ತಿದ್ದರು. ಬೈದರೂ ತೆರಿಯಾದು, ಬೆಂಚಿನ ಮೇಲೆ ನಿಲ್ಲಿಸಿದರೂ ತೆರಿಯಾದು. ಗೊತ್ತಿಲ್ಲ ಎಂದು ನಿಂತುಬಿಟ್ಟವರನ್ನು ಯಾರೂ ಏನೂ ಮಾಡಲಾಗದು ಎಂಬ ಒಂದು ಪಾಠವನ್ನು ಆ ಹುಡುಗಿಯರು ಅವಳಿಗೆ ಕಲಿಸಿಕೊಟ್ಟರು. ಅವಳು ಅವರಿಗೆ ಕಲಿಸಿದ ಹಿಂದಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬಂತು.

ತಿರುಮಲ ಸ್ವಯಂ ನಿವೃತ್ತಿ ತೆಗೆದುಕೊಂಡದ್ದು ೧೯೯೯ರಲ್ಲಿ. ಆಫೀಸಿನಲ್ಲಿ ಗದರಿಸಲು ಯಾರೂ ಇಲ್ಲದಂತಾದ ಮೇಲೆ ಅವನ ಕಣ್ಣು ಸತ್ತವರ ಮೇಲೆ ಬಿತ್ತು. ವಂಶವೃಕ್ಷ ಮಾಡುತ್ತೇನೆಂದು ಹೊರಟ. ಆರ್ಕಾಟಿನ ನವಾಬರ ಕಾಲದಲ್ಲಿ ಇಲ್ಲಿಗೆ ಬಂದ ಹಿರಿಯರಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಎಲ್ಲರನ್ನೂ ಕಂಪ್ಯೂಟರಿನೊಳಗೆ ಕೂರಿಸಿ, ಊರೂರಿನ ನೆಂಟರಿಗೆ ಹಂಚುವ ಯೋಜನೆ. ನೆಂಟರಲ್ಲಿ ಬಹಳಷ್ಟು ಜನ ಟಿವಿ ರಿಮೋಟನ್ನೇ ತಲೆಕೆಳಗಾಗಿ ಹಿಡಿಯುವವರು. ಅವರಿಗೂ ಆಗಿಬರುವ ಸುಲಭದ ಸಾಫ್ಟ್‌ವೇರ್ ಬೇಕು. ಅದು ಸುಲಭವೋ ಅಲ್ಲವೋ ಎಂದು ಪರೀಕ್ಷಿಸುವುದಕ್ಕೆ ಅವನು ಆರಿಸಿಕೊಂಡದ್ದು ಅಕ್ಕನನ್ನು.

ಆ ವರ್ಷದ ದೀಪಾವಳಿಗೆ ಟಿ. ನಗರದ ಮನೆಗೆ ಅವಳನ್ನು ಕರೆಸಿದ. ಕಂಪ್ಯೂಟರಿನ ಮುಂದೆ ಕೂರಿಸಿ, ಸಿಡಿಯೊಂದನ್ನು ಆರತಿ ತಟ್ಟೆ ಹಿಡಿದ ಹಾಗೆ ಹಿಡಿದು ಒಳಗೆ ತಳ್ಳಿದ.

"ನಿನಗೆ ಅರ್ಥ ಆದ್ರೆ ಸಾಕಕ್ಕಾ, ಲೋಕಕ್ಕೆಲ್ಲ ಅರ್ಥ ಆದ ಹಾಗೆ."

"ಭಾಳ ಸಂತೋಷ ಕಣೋ," ಅಂದಳು ಜಯಲಕ್ಷ್ಮಿ.

ಪರದೆಯ ತುಂಬ ನೀಲಿ ಚೌಕಗಳು. ಗಂಡಸರಿಗೆ ನೀಲಿಯಂತೆ, ಹೆಂಗಸರಿಗೆ ಗುಲಾಬಿಯಂತೆ. ಒಂದೊಂದು ಚೌಕ ತೆರೆದರೆ ಇಂಗ್ಲಿಷಿನಲ್ಲಿ ಪ್ರಶ್ನೆಗಳ ಸಾಲು. ಹೂತದ್ದು ಎಲ್ಲಿ ಎಂದೂ ಕೇಳಿತ್ತು. ಆ ಜಾಗದಲ್ಲಿ ತಿರುಮಲ ಎಲ್ಲರಿಗೂ 'ಅನ್ವಯಿಸುವುದಿಲ್ಲ' ಎಂದು ಶ್ರದ್ಧೆಯಿಂದ ತುಂಬಿದ್ದ. ಜಯಲಕ್ಷ್ಮಿ ಅವೆಲ್ಲ ದಾಟಿ ಕಣ್ಣಲ್ಲೇ ಅಪ್ಪ ಕೃಷ್ಣಮೂರ್ತಿಯ ಹೆಸರು ಹುಡುಕಿದಳು. ಅದರ ಕೆಳಗೆ ಎರಡು ಗೆರೆ ಇಳಿದಿದ್ದವು. ಒಂದು ಜಯಲಕ್ಷ್ಮಿ, ಇನ್ನೊಂದು ತಿರುಮಲ.

"ಎರಡೇ ಇದೆಯಲ್ಲೋ?"

"ಎರಡೇ ಅಲ್ವಾ?" ಎಂದ ತಿರುಮಲ, ಪರದೆಯಿಂದ ಕಣ್ಣು ತೆಗೆಯದೆ.

ಅಡುಗೆಮನೆಯಲ್ಲಿ ಅವನ ಹೆಂಡತಿ ವೃಂದಾಳ ಸೌಟಿನ ಸದ್ದು ನಿಂತಿತು.

ಮೂರನೆಯವಳು ತುಂಗಾ. ಎಲ್ಲರಿಗಿಂತ ಚಿಕ್ಕವಳು. ಗಂಡು ಹುಡುಕುವುದಕ್ಕೆಂದು ಅವಳನ್ನು ಪಾಂಡಿಬಜಾರಿನ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದರು. ಫೋಟೋ ಸರಿಯಾಗಿ ಬಂದಿಲ್ಲ ಎಂದು ಸ್ಟುಡಿಯೋದವನು ಮತ್ತೆ ಕರೆಸಿದ. ಅದೂ ಸರಿಯಾಗಲಿಲ್ಲವಂತೆ, ಮತ್ತೊಮ್ಮೆ. ಪಾಪ, ಎಷ್ಟು ಶ್ರದ್ಧೆಯ ಹುಡುಗ ಎಂದು ಅಮ್ಮ ಹೊಗಳಿದಳು. ಕೊನೆಗೆ ಒಂದು ಫೋಟೋ ಬಹಳ ಚೆನ್ನಾಗಿ ಬಂತು. ಅದು ಮನೆ ತಲುಪಿದ ವಾರದಲ್ಲೇ ತುಂಗಾ ಸ್ಟುಡಿಯೋದ ಅರುಳ್‌ದಾಸನನ್ನು ರಿಜಿಸ್ಟರ್ ಮದುವೆಯಾದಳು. ಇದೆಲ್ಲ ನಡೆದದ್ದು ಎಪ್ಪತ್ತಮೂರರಲ್ಲಿ. ಅಪ್ಪ ಸ್ನಾನ ಮಾಡಿ ಬಂದು, ಇನ್ನು ಈ ಮನೆಯಲ್ಲಿ ಆ ಹೆಸರು ಎತ್ತಕೂಡದು ಎಂದರು. ಅವರು ಬದುಕಿರುವವರೆಗೆ ಯಾರೂ ಎತ್ತಲಿಲ್ಲ. ಸತ್ತ ಮೇಲೆ ಎತ್ತುವುದಕ್ಕೆ ಯಾರಿಗೂ ಅಭ್ಯಾಸವೇ ಇರಲಿಲ್ಲ.

ಜಯಲಕ್ಷ್ಮಿಗೆ ತಂಗಿಯ ಮೇಲೆ ಉಕ್ಕಿ ಹರಿಯುವ ಪ್ರೀತಿಯೇನೂ ಇರಲಿಲ್ಲ. ಆದರೆ ಒಂದೇ ಹಾಸಿಗೆಯಲ್ಲಿ ಮೂವರು ಮಲಗಿದ್ದದ್ದು ನಿಜ. ಬೇಸಿಗೆಯಲ್ಲಿ ತಾರಸಿಯ ಮೇಲೆ, ಒದ್ದೆ ಸೀರೆ ಹೊದ್ದು, ನಡುವೆ ತುಂಗಾ ಕಾಲು ಚಾಚಿ ಇಬ್ಬರನ್ನೂ ಅಂಚಿಗೆ ತಳ್ಳುತ್ತಿದ್ದದ್ದು ನಿಜ. ಅದನ್ನು ಈ ದಡ್ಡ ಎರಡು ಗೆರೆ ಎಳೆದು ತಪ್ಪು ಮಾಡಿಬಿಟ್ಟಿದ್ದಾನೆ. ನಾಳೆ ತಾವಿಬ್ಬರೂ ಹೋದ ಮೇಲೆ ಆ ತಪ್ಪೇ ಸರಿಯಾಗಿಬಿಡುತ್ತದೆ. ಜೀವಮಾನವಿಡೀ ಕೆಂಪು ಶಾಯಿ ಹಿಡಿದವಳು ಇದನ್ನು ಹಾಗೇ ದಾಟಿಹೋಗಲು ಬಿಡುವವಳಲ್ಲ.

"ಎಲ್ಲಿ, ಈಗ ನೀನೇ ತಾತನ ಹೆಸರು ತೆಗಿ ನೋಡೋಣ," ಎಂದು ತಿರುಮಲ ಮೌಸನ್ನು ಅವಳ ಕೈಗೆ ಕೊಟ್ಟ.

ಜಯಲಕ್ಷ್ಮಿ ಮೌಸನ್ನು ಮೇಜಿನಿಂದ ಮೇಲೆತ್ತಿ, ಪರದೆಗೆ ಗುರಿಯಿಟ್ಟು ಒತ್ತಿದಳು. "ತೆರಿಯಾದಪ್ಪ," ಅಂದಳು.

ಸಿಡಿ ಹಂಚಿಕೆ ಅಲ್ಲಿಗೇ ನಿಂತಿತು.

ನಾಲ್ಕು ವರ್ಷದ ನಂತರ ತಿರುಮಲ ಇನ್ನೊಂದು ಸಾಫ್ಟ್‌ವೇರ್ ಹಿಡಿದು ತಂದ. ಈ ಸಲ ಅವನೇ ಕೀಲ್ಪಾಕಿಗೆ ಬಂದ, ಜೊತೆಗೆ ತನ್ನ ಹಳೆಯ ಕಂಪ್ಯೂಟರನ್ನೂ ಆಟೋದಲ್ಲಿ ಹೇರಿಕೊಂಡು. ಮನೆಗೆ ಹೊಸದು ಬಂದಿತ್ತು. ಹಳೆಯದನ್ನು ಅಕ್ಕನಿಗೆ ದಾನ ಮಾಡಿ, ದಾನ ಮಾಡಿದವನ ಮುಖ ಮಾಡಿಕೊಂಡು ಕೂತ.

"ಇದು ತುಂಬ ಈಸಿ ಅಕ್ಕಾ. ಇನ್‌ಸ್ಟಾಲ್ ಗಿನ್‌ಸ್ಟಾಲ್ ಏನೂ ಬೇಡ. ಸಿಡಿ ಹಾಕು, ಪುಸ್ತಕದ ಥರ ತೆರೆದುಕೊಳ್ಳತ್ತೆ. ಬರೀ ನೋಡಬಹುದು, ಯಾರೂ ಕೈ ಹಾಕೋಕಾಗಲ್ಲ. ಮುಟ್ಟಿದರೆ ತಾನೇ ನಮ್ಮವರು ಕೆಡಿಸೋದು?"

"ಕೆಡಿಸೋಕೆ ಇನ್ನೇನು ಉಳಿದಿದೆಯೋ," ಎನ್ನುತ್ತ ಅವಳು ನೋಡಿದಳು. ಬಣ್ಣದ ಬಳ್ಳಿಯ ಅಂಚು, ಅಪ್ಪನ ಫೋಟೋಕ್ಕೆ ಚಿನ್ನದ ಚೌಕಟ್ಟು. ಕೆಳಗೆ ಅದೇ ಎರಡು ಗೆರೆ.

ಆ ದಿನ ಅವಳಿಗೆ ಸಿಡಿಯ ಹೊಳೆಯುವ ಮುಖ ಮೇಲಿರಬೇಕೋ ಕೆಳಗಿರಬೇಕೋ ತಿಳಿಯಲೇ ಇಲ್ಲ. ಮೂರು ಸಲ ಹೇಳಿಕೊಟ್ಟರೂ ತಲೆಕೆಳಗಾಗಿಯೇ ಹಾಕಿದಳು. ತಿರುಮಲ ತಲೆ ಚಚ್ಚಿಕೊಂಡು, "ಇವಳಿಗೇ ಬರಲ್ಲ ಅಂದ್ರೆ ಮೈಸೂರಿನ ಸೀತಾರಾಮ ಚಿಕ್ಕಪ್ಪನಿಗೆ ಬರತ್ತಾ?" ಎಂದು ತನಗೆ ತಾನೇ ಹೇಳಿಕೊಂಡು ಆಟೋ ಹತ್ತಿದ.

ಅವನು ಬಿಟ್ಟುಹೋದ ಕಂಪ್ಯೂಟರನ್ನು ಜಯಲಕ್ಷ್ಮಿ ಮಾತ್ರ ಬಿಡಲಿಲ್ಲ. ಬೀದಿಯ ಕೊನೆಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಕಲಿತಳು, ಮನೆಯಲ್ಲಿ ಅಭ್ಯಾಸ ಮಾಡಿದಳು. ಇಂಟರ್ನೆಟ್ ಹಾಕಿಸಿಕೊಂಡಳು. ಬೆಳಿಗ್ಗೆ ಕಾಫಿಯ ಜೊತೆ ಪತ್ರಿಕೆಗಳನ್ನು ಪರದೆಯಲ್ಲೇ ಓದಿದಳು. ತಿರುಮಲ ಫೋನ್ ಮಾಡಿ, "ಅದು ಕೆಲಸ ಮಾಡ್ತಿದೆಯಾ?" ಎಂದರೆ, "ಅದರ ಮೇಲೆ ಒಂದು ಬಟ್ಟೆ ಹೊದಿಸಿಟ್ಟಿದೀನಪ್ಪ, ಧೂಳು ಕೂರತ್ತೆ," ಅನ್ನುತ್ತಿದ್ದಳು.

ತಿರುಮಲನಿಗೆ ತಿಳಿಯದ ಹಾಗೆ ತುಂಗಾ ಆಗಾಗ ಅಕ್ಕನ ಮನೆಗೆ ಬರುತ್ತಿದ್ದಳು. ಪೆರಂಬೂರಿನಲ್ಲಿ ಅವರದೇ ಸ್ಟುಡಿಯೋ. ಕೂದಲಿಗೆ ಬಣ್ಣ, ಕೈಯಲ್ಲಿ ದಪ್ಪ ಬಳೆ, ಮಾತಿನಲ್ಲಿ ಮುಕ್ಕಾಲು ತಮಿಳು. ವಂಶವೃಕ್ಷದ ಸಂಗತಿ ಕೇಳಿ ಹೊಟ್ಟೆ ಹಿಡಿದು ನಕ್ಕಳು.

"ಆ ಮರದಲ್ಲಿ ನಂಗೇನು ವೇಲೆ, ಏನು ಕೆಲಸ ಅಕ್ಕಾ? ನಾನೇನು ಕಾಗೆಯಾ?"

"ನಿನ್ನನ್ನು ಕೇಳಿದ್ದು ಯಾರೇ? ನೀನು ಇದ್ದೆಯೋ ಇಲ್ಲವೋ ಅನ್ನೋದು ನಿನ್ನ ಇಷ್ಟಕ್ಕೆ ಬಿಟ್ಟದ್ದಲ್ಲ," ಎಂದಳು ಜಯಲಕ್ಷ್ಮಿ ಒರಟಾಗಿ. "ಮೂರು ಜನ ಹುಟ್ಟಿದ್ದು. ಮೂರು ಅಂತಲೇ ಇರಬೇಕು."

ತುಂಗಾ ಬಳೆಯನ್ನು ಮಣಿಕಟ್ಟಿನ ಮೇಲೆ ತಿರುಗಿಸಿದಳು. ಸಂಜೆಯ ಬಿಸಿಲಿಗೆ ಅವಳ ಬಣ್ಣ ಹಚ್ಚಿದ ಕೂದಲಿನ ಬುಡ ಬೆಳ್ಳಗೆ ಕಾಣುತ್ತಿತ್ತು.

೨೦೦೭ರಲ್ಲಿ ತಿರುಮಲನ ಮಗಳು ಶ್ರೀಪ್ರಿಯಾಳಿಗೆ ಗಂಡು ಹುಡುಕುವ ಕೆಲಸ ಶುರುವಾಯಿತು. ಹಳೆಯ ಮನೆತನ ಎಂದು ತೋರಿಸಿಕೊಳ್ಳಲು ಮರ ಈಗ ತುರ್ತಾಗಿ ಬೇಕಾಯಿತು. ತಿರುಮಲ ಮತ್ತೆ ಕೀಲ್ಪಾಕಿಗೆ ಬಂದ. ಬಟ್ಟೆ ಹೊದ್ದಿರಬೇಕಾದ ಕಂಪ್ಯೂಟರಿನ ಮೇಲೆ ಬಟ್ಟೆಯೇ ಇಲ್ಲದ್ದನ್ನು ಅವನು ಗಮನಿಸಲಿಲ್ಲ. ಅವನು ಏನನ್ನೂ ಗಮನಿಸಿದವನಲ್ಲ.

"ಈ ಸಲದ್ದು ವೆಬ್‌ಸೈಟ್. ಒಂದು ಇಮೇಲ್ ಇದ್ದರೆ ಸಾಕು, ನಿನಗೂ ಒಂದು ಮಾಡಿಕೊಟ್ಟಿದೀನಿ. ನಾನು ಬುಡ ಹಾಕಿಟ್ಟಿದೀನಿ. ಎಲ್ಲರಿಗೂ ಕಳಿಸ್ತೀನಿ, ಅವರವರ ಕೊಂಬೆ ಅವರವರೇ ತುಂಬಿಕೋಬೇಕು. ಎಲ್ಲಾ ನಾನೇ ಎಷ್ಟೂಂತ ಟೈಪ್ ಮಾಡಲಿ? ನೋಡು, ನಿನ್ನ ಹೆಸರಿನ ಪಕ್ಕ ಬಾಣ ಇದೆ. ಒತ್ತಿದರೆ ಅಪ್ಪ, ಅಮ್ಮ, ಗಂಡ, ಮಕ್ಕಳು..." ಅಕ್ಕನಿಗೆ ಗಂಡ ಮಕ್ಕಳಿಲ್ಲವೆಂಬುದು ನೆನಪಾಗಿ ತಡವರಿಸಿದ. "ನಿನಗೆ ಸೇರಿಸೋಕೆ ಏನೂ ಇಲ್ಲ ಬಿಡು. ನೋಡೋಕೆ ಬಂದರೆ ಸಾಕು."

ಜಯಲಕ್ಷ್ಮಿ ಬಗ್ಗಿ ನೋಡಿದಳು. ಬಾಣದ ಕೆಳಗೆ ಅವನು ಓದದೆ ಬಿಟ್ಟ ಸಾಲೊಂದಿತ್ತು: ಸಹೋದರ ಅಥವಾ ಸಹೋದರಿಯನ್ನು ಸೇರಿಸಿ.

ಮೌಸ್ ಮೇಜಿನ ಮೇಲೇ ಉಳಿಯಿತು. ತಾತನ ಹೆಸರು ತೆಗೆದಳು. ಮುತ್ತಜ್ಜನದ್ದೂ ತೆಗೆದಳು.

"ಬಂತಲ್ಲ!" ಎಂದು ತಿರುಮಲ ಕೂಗಿಬಿಟ್ಟ. "ನೋಡು, ಒಳ್ಳೆ ಸಾಫ್ಟ್‌ವೇರ್ ಅಂದ್ರೆ ಹೀಗಿರಬೇಕು. ಎಂಥವರಿಗೂ ತಿಳಿಯತ್ತೆ!"

"ಹೂಂ ಕಣೋ. ಎಂಥವರಿಗೂ," ಎಂದಳು ಅವಳು.

ಅವನು ಬಸ್ ಹಿಡಿಯಲು ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸಿದಳು. ಅಲ್ಲಿಯವರೆಗೆ ಅವನೇ ಹಾಕಿಟ್ಟಿದ್ದ ಒಂದು ಎರಡು ಮೂರು ನಾಲ್ಕು ಇತ್ತು. ಆ ಜಾಗದಲ್ಲಿ ತುಂಗಾ ಎಂದು ಹಾಕಿದಳು. ಇಮೇಲಿಗೂ ಅದನ್ನೇ ಹಾಕಿದಳು. ಪಾಂಡಿಬಜಾರಿನ ಆ ಫೋಟೋ ಅವಳ ಸೀರೆಗಳ ಅಡಿಯಲ್ಲಿತ್ತು. ಗಂಡಿನ ಕಡೆಯವರಿಗೆಂದು ತೆಗೆಸಿದ್ದು, ಒಬ್ಬ ಗಂಡಿನ ಕಡೆಯವರಿಗೂ ತಲುಪದೇ ಹೋದದ್ದು. ತುಂಗಾ ಅದರಲ್ಲಿ ಕ್ಯಾಮೆರಾ ನೋಡುತ್ತಿರಲಿಲ್ಲ. ಕ್ಯಾಮೆರಾದ ಹಿಂದೆ ನಿಂತವನನ್ನು ನೋಡಿ ನಗು ತಡೆದುಕೊಂಡಿದ್ದಳು. ಅಷ್ಟು ಸ್ಪಷ್ಟವಾಗಿದ್ದದ್ದು ಮನೆಯ ಒಬ್ಬರಿಗೂ ಕಾಣಲಿಲ್ಲ. ಎಲ್ಲರೂ ಸೀರೆಯ ಜರಿ ಚೆನ್ನಾಗಿ ಬಂದಿದೆಯೇ ಎಂದು ನೋಡಿದ್ದರು.

ಫೋಟೋವನ್ನು ಬ್ರೌಸಿಂಗ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ ತಂದು, ಬಾಣ ಒತ್ತಿ, ಮೂರನೆಯ ಗೆರೆ ಇಳಿಸಿದಳು. ತುಂಗಾಳ ಪಕ್ಕ ಅರುಳ್‌ದಾಸನನ್ನೂ ಕೂರಿಸಿದಳು. ನೀಲಿ ಚೌಕ.

ಮರುದಿನ ಬೆಳಿಗ್ಗೆ ಫೋನ್ ಬಂತು.

"ಅಕ್ಕಾ, ಏನು ಮಾಡಿದೆ ನೀನು?"

"ಏನಪ್ಪಾ?"

"ಯಾರಾದರೂ ಹೊಸಬರನ್ನ ಸೇರಿಸಿದರೆ ಅದು ಎಲ್ಲರಿಗೂ ಇಮೇಲ್ ಕಳಿಸತ್ತೆ! ಫೋಟೋ ಸಮೇತ ಹೋಗಿದೆ! ಶ್ರೀಪ್ರಿಯಾಗೆ ನೋಡಿರೋ ಹುಡುಗನ ಮನೆಯವರಿಗೂ ಹೋಗಿದೆ!"

ಹೀಗಾಗುತ್ತದೆಂದು ಜಯಲಕ್ಷ್ಮಿಗೂ ತಿಳಿದಿರಲಿಲ್ಲ. ಅವಳು ನಿಜವಾಗಿ ತಿಳಿಯದೆ ಮಾಡಿದ್ದು ಅದೊಂದೇ. ಆದರೂ ಒಳ್ಳೆಯದೇ ಆಯಿತು ಎನಿಸಿತು.

"ಅವರೇನಂದರು?"

"ಏನೂ ಅಂದಿಲ್ಲ, ಇನ್ನೂ ನೋಡಿಲ್ಲವೇನೋ. ನಮ್ಮವರಲ್ಲಿ ಸೀತಾರಾಮ ಚಿಕ್ಕಪ್ಪ ಫೋನ್ ಮಾಡಿದ್ದರು. ಅವರ ಫೋಟೋದಲ್ಲಿ ಹೊಟ್ಟೆ ದೊಡ್ಡದಾಗಿ ಕಾಣತ್ತಂತೆ, ಬೇರೆ ಹಾಕಬೇಕಂತೆ."

ಜಯಲಕ್ಷ್ಮಿಗೆ ನಗು ಬಂತು. ಎಂಟು ವರ್ಷ ಈ ಮಹಾಶಯ ಯಾರ ಸಲುವಾಗಿ ಸುಲಭದ ಸಾಫ್ಟ್‌ವೇರ್ ಹುಡುಕಿದನೋ, ಅವರಲ್ಲಿ ಅರ್ಧ ಜನ ತೆರೆದೇ ಇಲ್ಲ. ತೆರೆದವರು ತಮ್ಮ ಮುಖ ಹುಡುಕಿಕೊಂಡು ಮುಚ್ಚಿಬಿಟ್ಟಿದ್ದಾರೆ.

"ಈಗ ನಾನು ಹೇಳಿದ ಹಾಗೆ ಮಾಡು," ಎಂದ ತಿರುಮಲ. "ಸೇರಿಸಿದವರೇ ತೆಗೀಬೇಕಂತೆ, ನನಗೆ ತೆಗೆಯೋಕೆ ಬಿಡ್ತಿಲ್ಲ. ಆ ಹೆಸರಿನ ಮೇಲೆ ಒತ್ತು. ಕೆಳಗೆ ಕೆಂಪಗೆ ಒಂದು ಗುರುತು ಬರತ್ತೆ."

ಜಯಲಕ್ಷ್ಮಿ ಕಿಟಕಿಯಾಚೆ ನೋಡಿದಳು. ಅಲ್ಲಿ ಬೇವಿನ ಮರವಿರಲಿಲ್ಲ, ಪಕ್ಕದ ಮನೆಯ ಟೀವಿ ಆಂಟೆನಾ ಇತ್ತು. ಅದೂ ಸಾಕಾಗಿತ್ತು.

"ತೆರಿಯಾದಪ್ಪ," ಅಂದಳು.

ಒಂದು ಗಂಟೆಯೊಳಗೆ ಅವನು ಬೆವರು ಸುರಿಸುತ್ತ ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಬಿಟ್ಟವನೇ ಕಂಪ್ಯೂಟರಿನ ಮುಂದೆ ಕೂತ. ಅದು ಪಾಸ್‌ವರ್ಡ್ ಕೇಳಿತು. ಹಳೆಯದನ್ನು ಹಾಕಿದ, ಒಪ್ಪಲಿಲ್ಲ.

"ಏನು ಮಾಡಿದೆ ಇದಕ್ಕೆ?"

"ಏನೋ ಒತ್ತಿದೆ. ಬೇರೆ ಕೊಡು ಅಂತು, ಕೊಟ್ಟೆ. ಏನು ಕೊಟ್ಟೆನೋ ನೆನಪಿಲ್ಲ."

"ಸರಿ, ನಿನ್ನ ಇಮೇಲ್ ತೆಗಿ. ಅಲ್ಲಿಗೆ ಕಳಿಸತ್ತೆ."

"ಅದಕ್ಕೂ ಅದನ್ನೇ ಕೊಟ್ಟೆ."

ತಿರುಮಲ ಅವಳನ್ನು ದುರುಗುಟ್ಟಿ ನೋಡಿದ. ಆ ನೋಟದಲ್ಲಿ ಕಾರ್ಖಾನೆಯ ಕೆಲಸಗಾರರು ಹೆದರಿರಬಹುದು. ಜಯಲಕ್ಷ್ಮಿ ಕಾಫಿಗೆ ಹಾಲಿಡಲು ಹೋದಳು.

ಅವಳು ಲೋಟ ಹಿಡಿದು ಬಂದಾಗ ಅವನು ಊಹಿಸಿ ಊಹಿಸಿ ಹೊಡೆಯುತ್ತಿದ್ದ. ಗುರುರಾಯರ ಹೆಸರು ಹಾಕಿದ್ದಾಯಿತು. ಅಪ್ಪನ ಹೆಸರು, ಅಮ್ಮನ ಹೆಸರು. ಅಕ್ಕನದ್ದೇ ಹೆಸರು. ತನ್ನ ಹೆಸರನ್ನು ಬಹಳ ಭರವಸೆಯಿಂದ ಹಾಕಿ, ಒಪ್ಪದಿದ್ದಾಗ ಸ್ವಲ್ಪ ನೊಂದುಕೊಂಡ. ಶ್ರೀಪ್ರಿಯಾ, ವೃಂದಾ, ಸೀತಾರಾಮ ಚಿಕ್ಕಪ್ಪ, ಆರ್ಕಾಟಿನ ಮುತ್ತಜ್ಜ. ಇಡೀ ಮರವನ್ನು ಬುಡದಿಂದ ತುದಿಯವರೆಗೆ ಹತ್ತಿ ಇಳಿದ.

"ಸರಿಯಾಗಿ ಜ್ಞಾಪಿಸಿಕೋ ಅಕ್ಕಾ," ಎಂದ, ಹಣೆ ಒರೆಸಿಕೊಳ್ಳುತ್ತ. "ಯಾವ ಹೆಸರು ಕೊಟ್ಟೆ? ಮನೆಯವರದ್ದು ತಾನೇ?"

ಜಯಲಕ್ಷ್ಮಿ ಕಾಫಿಯ ಲೋಟವನ್ನು ಅವನ ಕೈಯ ಹತ್ತಿರ ಇಟ್ಟಳು.

"ಮನೆಯವರದ್ದೇ," ಅಂದಳು. "ಯೋಚನೆ ಮಾಡು. ಆರಿಹೋಗತ್ತೆ, ಕುಡಿದು ಯೋಚನೆ ಮಾಡು."