ಉಲ್ಟಾ ಓದುವ ಬೀದಿ

ಹೊನ್ನಾಳಿ ಕಡೆಯ ನಮ್ಮ ಪುಟ್ಟ ಊರಿನ ನೀರಿನ ಆಫೀಸು ಫೇಸ್‌ಬುಕ್ ಪೇಜ್ ತೆರೆದಾಗ ನನಗೆ ಕಾನ್ವೆಂಟಿನ ನೋಟಿಸ್ ಬೋರ್ಡ್ ನೆನಪಾಯಿತು. ಅದರಲ್ಲಿ ನಮ್ಮ ಸಿಸ್ಟರ್ ದುಂಡಗಿನ ಅಕ್ಷರದಲ್ಲಿ, "ಇಂದು ಸಾಂಬಾರು ಸೀದಿದೆ, ವೆರಿ ಸಾರಿ" ಎಂದು ಬರೆಯುತ್ತಿದ್ದರು. ನಾವು ನಗುತ್ತಲೇ ಉಣ್ಣುತ್ತಿದ್ದೆವು. ಈ ಪೇಜಿನಲ್ಲಿ ಮಾತ್ರ ಎಂದೂ ಏನೂ ಸೀಯುತ್ತಿರಲಿಲ್ಲ.

ಹೊಳೆ ಏರಿದಾಗ "ಎಲ್ಲವೂ ಅಂಡರ್ ಕಂಟ್ರೋಲ್" ಎಂಬ ಪೋಸ್ಟ್ ಬಂತು. ಸಂಜೆಗೆ ಕೆಳಗಿನ ಕೇರಿಯವರು ಗಂಟುಮೂಟೆ ಹೊತ್ತು ಶಾಲೆ ಸೇರಿದರು. "ನಾಳೆ ನೀರು ಬರುತ್ತದೆ" ಎಂದರೆ ನಲ್ಲಿ ಬರೀ ಗಾಳಿ ಊದುತ್ತಿತ್ತು. ಕೇಳೋಣವೆಂದರೆ ಕಾಮೆಂಟ್ಸ್ ಬಂದ್. ಕೊನೆಗೆ ನಮ್ಮ ಬೀದಿ ಪೇಜನ್ನು ಉಲ್ಟಾ ಓದಲು ಕಲಿಯಿತು. "ಆತಂಕ ಬೇಡ" ಎಂದು ಬಂದರೆ ಸಾಕು, ಎಲ್ಲರೂ ಡ್ರಮ್ಮು ತುಂಬುತ್ತಿದ್ದರು. ವಂಡರ್‌ಫುಲ್ ಸಿಸ್ಟಮ್, ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅದೇ ಪೇಜು ಹೇಳಿತು: "ನಲ್ಲಿ ನೀರಿಗೆ ಚರಂಡಿ ಸೇರಿದೆ. ಬಳಸಬೇಡಿ. ತುಂಬಿಟ್ಟಿದ್ದನ್ನು ಚೆಲ್ಲಿ."

ಪಕ್ಕದ ಮನೆಗೆ ಓಡಿದೆ. ಅಲ್ಲಿ ಮಗಳು ಹಸಿ ಬಾಣಂತಿ. ಅವಳ ತಾಯಿ ಕೂಸಿಗೆ ಎರೆಯಲು ಕೂತಿದ್ದಳು. ಹಂಡೆಯ ಬಿಸಿನೀರಿಗೆ ಬೆರೆಸಲು ಹಿಂದಿನ ದಿನ ಡ್ರಮ್ಮಿಗೆ ತುಂಬಿದ ತಣ್ಣೀರು. ಎರೆಯುವಾಗ ಎಳೆಕೂಸಿನ ಮೂಗು, ಬಾಯಿಗೆಲ್ಲ ನೀರು ಹೋಗುತ್ತದೆ.

"ನಿಲ್ಲಿಸವ್ವಾ! ಪೇಜ್ ನೋಡಿಲ್ವೇನೇ?"

"ನೋಡೀನ್ರೀ ಅಮ್ಮಾರೇ. ಅದು ಕೆಟ್ಟೈತೆ ಅಂದ್ರೆ ನೀರು ಹಾಲಿದ್ದಂಗೈತೆ ಅಂತ. ಇಡೀ ಬೀದಿಗೆ ಗೊತ್ತಿಲ್ಲೇನು?" ಆಕೆ ನಕ್ಕಳು. "ಅದೂ ಅಲ್ದೆ ನಾನು ಜಗಳೂರಿನ ಕಡೇಳು, ಸೊಕ್ಕೆ ಊರೋಳು, ಬರದ ಸೀಮೆ. ತಂಬಿಗೆ ನೀರು ಚೆಲ್ಲಿದ್ರೆ ನಮ್ಮವ್ವ ಉಣ್ಣಾಕೆ ಇಕ್ತಿರಲಿಲ್ಲ. ಡ್ರಮ್ಮು ಚೆಲ್ಲು ಅಂತೀರಲ್ಲ!"

ಅಷ್ಟರಲ್ಲಿ ನನ್ನ ಫೋನಿನಲ್ಲಿ ಪೇಜಿನ ಲೈವ್ ಶುರುವಾಯಿತು. ಹಾರವಿಲ್ಲ, ಬ್ಯಾನರಿಲ್ಲ. ಮೊಣಕಾಲವರೆಗೆ ಕೆಸರಾದ ಹೊಸ ಇಂಜಿನಿಯರಮ್ಮ ಒಡೆದ ಪೈಪಿನ ಪಕ್ಕ ನಿಂತಿದ್ದಳು. "ತಪ್ಪು ನಮ್ದೇ. ಎಷ್ಟು ಬೀದಿಗೆ ಹೋಗೈತೆ, ಇನ್ನೂ ಗೊತ್ತಿಲ್ಲ. ಏನಿದ್ರೂ ಕೇಳ್ರಿ."

ಕಾಮೆಂಟ್ಸ್ ತೆರೆದಿದ್ದವು! ಮೈ ಗಾಡ್, ಬೈಗುಳದ ಹೊಳೆಯೇ ಹರಿಯಿತು. ಅವಳು ಒಂದನ್ನೂ ಅಳಿಸಲಿಲ್ಲ.

"ಅವರ ಮನೇಲಿ ಏನು ಮಾಡಿದ್ರು ಅಂತ ಕೇಳ್ರೀ," ಎಂದಳು ಪಕ್ಕದ ಮನೆಯಾಕೆ, ಕೂಸನ್ನು ಕಾಲ ಮೇಲೇ ಇಟ್ಟುಕೊಂಡು. ಟೈಪ್ ಮಾಡಿದೆ.

ಇಂಜಿನಿಯರಮ್ಮ ಓದಿ ತಲೆ ತಗ್ಗಿಸಿದಳು. "ನಮ್ಮನೇಲಿ ನಿನ್ನೆ ಸಂಜೇನೇ ಚೆಲ್ಲಿದ್ವಿ ರೀ. ನಿಮಗೆ ಹೇಳಾಕೆ ಆರ್ಡರ್ ಬಂದಿರಲಿಲ್ಲ."

"ಹಾಳಾದೋಳು," ಎಂದಳು ಪಕ್ಕದ ಮನೆಯಾಕೆ. "ಖರೇ ಹೇಳ್ತಾಳೆ."

ಕೂಸನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿತ್ತಳು. ಆಮೇಲೆ ಡ್ರಮ್ಮಿಗೆ ಹೆಗಲು ಕೊಟ್ಟು, ಮುಖ ಆಚೆ ತಿರುಗಿಸಿಕೊಂಡು, ಉರುಳಿಸಿಬಿಟ್ಟಳು.