ಬರೇ ಬೆಳಕು

ಹುಬ್ಬಳ್ಳಿಯಲ್ಲಿ ಅಪ್ಪನ ಫೋಟೋ ಸ್ಟುಡಿಯೋ ಇತ್ತು. ಕಾಲೇಜು ಮುಗಿಸಿ ಬಂದರೆ ಸಂಜೆಯೆಲ್ಲ ನನಗೆ ಅಲ್ಲೇ ಕೆಲಸ. ಆಗಿನ ರೋಲಿನಲ್ಲಿ ಇದ್ದದ್ದು ಮೂವತ್ತಾರು ಫೋಟೋ. ಮದುವೆಗೆ ಹೋದರೆ ಎದುರಿಗೆ ಬಂದು ನಿಲ್ಲುವವರು ಮುನ್ನೂರು ಜನ. ಬೀಗರು, ಬೀಗರ ಬೀಗರು, ಅವರ ಪಕ್ಕದ ಮನೆಯವರು! ತೆಗೆಯುವುದಿಲ್ಲ ಅಂದರೆ ಊಟ ಬಿಟ್ಟು ಎದ್ದು ಹೋಗುವಷ್ಟು ಸಿಟ್ಟು. ಅದಕ್ಕೆ ಅಪ್ಪ ಒಂದೇ ಥರದ ಎರಡು ಕ್ಯಾಮೆರಾ ಇಟ್ಟುಕೊಂಡಿದ್ದ. ಒಂದರಲ್ಲಿ ರೋಲ್, ಇನ್ನೊಂದು ಖಾಲಿ. ಬೀಗರ ಬೀಗರಿಗೆ ಖಾಲಿಯದರಿಂದ ಫ್ಲ್ಯಾಶ್ ಹೊಡೆದು ಕಳಿಸುತ್ತಿದ್ದ. ನಮ್ಮ ಮನೆಯಲ್ಲಿ ಅದಕ್ಕೆ ‘ಬರೇ ಬೆಳಕು’ ಎಂದು ಹೆಸರು. ಆಗಿನ ಸ್ಟುಡಿಯೋದವರು ಬಹಳ ಜನ ಇದನ್ನು ಮಾಡುತ್ತಿದ್ದರು, ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೇ.

ಅವ್ವನ ಅವ್ವ, ಅಂದರೆ ನನ್ನ ಅಜ್ಜಿ, ಫೋಟೋ ಎಂದರೆ ಮೈಲಿ ದೂರ. ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹೆದರಿಕೆ. ಅಳಿಯನೇ ಫೋಟೋಗ್ರಾಫರ್ ಆದರೂ ಜಪ್ಪಯ್ಯ ಅಂದಿರಲಿಲ್ಲ. ಹಾಗಿದ್ದವಳು ನನಗೆ ಕಾಲೇಜಿಗೆ ರಜೆ ಇದ್ದ ಒಂದು ದಿನ ಅಪ್ಪನ ಊಟದ ಡಬ್ಬಿ ತಂದ ಅವ್ವನ ಜೊತೆ ಸ್ಟುಡಿಯೋಕ್ಕೆ ಬಂದಳು. ಪರದೆಯ ಮೇಲೆ ಬಿಡಿಸಿದ್ದ ಕೆರೆ, ಹಂಸ ಎಲ್ಲ ನೋಡಿದಳು. ಯಾರೂ ಹೇಳದೆ ಹೋಗಿ ಕುರ್ಚಿಯ ಮೇಲೆ ಕೂತು, “ನಂದೂ ಒಂದ್ ತಗೀ ಯವ್ವಾ,” ಅಂದಳು.

ಅಪ್ಪ ಹೊರಗೆ ಹೋಗಿದ್ದ. ರೋಲಿನಲ್ಲಿ ನಾಲ್ಕೇ ಫೋಟೋ ಉಳಿದಿದ್ದವು, ಸಂಜೆ ಒಂದು ನಿಶ್ಚಿತಾರ್ಥವಿತ್ತು. ನನಗೆ ಆಗ ಹದಿನೇಳು. ಅಜ್ಜಿ ಎಲ್ಲಿ ಓಡಿಹೋಗುತ್ತಾಳೆ, ಇನ್ನೊಮ್ಮೆ ತೆಗೆದರಾಯಿತು ಅಂದುಕೊಂಡೆ. ಖಾಲಿ ಕ್ಯಾಮೆರಾ ಎತ್ತಿಕೊಂಡು, ರೋಲ್ ಮುಂದೆ ಸರಿಸುವ ಲಿವರ್ ಎಳೆದು, ಬರೇ ಬೆಳಕು ಹೊಡೆದೆ. ಬೆಳಕು ಬಿದ್ದದ್ದೇ ಅಜ್ಜಿ ಬಾಯಿಗೆ ಹಿಡಿದಿದ್ದ ಸೆರಗು ಬಿಟ್ಟು ಗಲಗಲ ನಕ್ಕಳು. ನಾಲ್ಕು ತಿಂಗಳಿಗೆ ಹೋಗಿಬಿಟ್ಟಳು.

ಗೋಡೆಗೆ ಹಾಕಲು ಮನೆಯವರು ಫೋಟೋ ಕೇಳಿದರು. ನೆಗೆಟಿವ್ ಎಲ್ಲೋ ಸೇರಿಕೊಂಡಿದೆ, ಹುಡುಕುತ್ತೇನೆ ಎಂದೆ. ನಡುಮನೆಯ ಗೋಡೆಯಲ್ಲಿ ಅಪ್ಪನ ತಂದೆತಾಯಿಯ ಫೋಟೋಗಳ ಪಕ್ಕದಲ್ಲಿ ಒಂದು ಮೊಳೆ ಹೊಡೆದರು, ಅದು ಹಾಗೇ ಖಾಲಿ ಉಳಿಯಿತು. ಪ್ರತಿವರ್ಷ ಅಜ್ಜಿಯ ತಿಥಿಯ ದಿನ ಅವ್ವ ಕೇಳುವಳು, “ಸಿಕ್ತೇನ?” ನಾನು, “ಹುಡುಕಾಕತ್ತೀನಿ.” ಮದುವೆಯಾಗಿ ಮೆಲ್ಬರ್ನ್‌ಗೆ ಬರುವಾಗ ಆ ಸುಳ್ಳಿಗಾಗಿಯೇ ನೆಗೆಟಿವ್‌ಗಳ ಡಬ್ಬಿಯನ್ನೂ ಹೊತ್ತು ತಂದೆ. ನನ್ನ ಹಣೆಬರಹ!

ಇಲ್ಲಿನ ಕ್ಲೇಟನ್ ಬಡಾವಣೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ನಾನು ಸೇರುವ ಹೊತ್ತಿಗೆ ಅಲ್ಲಿ ಫಿಲ್ಮ್ ಹೋಗಿ ಸ್ಕ್ರೀನ್ ಬಂದಿತ್ತು. ಅಪ್ಪ ತೀರಿಕೊಂಡ ಮರುವರ್ಷ, ಎರಡು ಸಾವಿರದ ಹದಿನಾಲ್ಕರಲ್ಲಿ, ಅವ್ವ ಬಂದಳು. ನನ್ನ ಕೆಲಸದ ವಿವರ ಕೇಳಿ, “ಅಂದ್ರ ನಿಮ್ಮಪ್ಪನ ಕೆಲಸಾನ ಬಿಡು. ಆಂವ ನಗ್ರಿ ಅಂತಿದ್ದ, ನೀ ಉಸಿರ ಹಿಡೀರಿ ಅಂತಿ,” ಎಂದು ನಕ್ಕಳು. ಮಾರನೇ ದಿನ ಡಬ್ಬಿ ತೆಗೆಸಿ ಕಿಟಕಿಯ ಹತ್ತಿರ ಕೂತಳು. ಒಂದೊಂದೇ ನೆಗೆಟಿವ್ ಬೆಳಕಿಗೆ ಹಿಡಿದು ನೋಡುವುದು, ಪಕ್ಕಕ್ಕಿಡುವುದು. ವಾರವಿಡೀ ಇದೇ. ಇಲ್ಲದ್ದನ್ನು ಅವಳು ಹುಡುಕುತ್ತಿದ್ದರೆ ನಾನು ಅಡುಗೆಮನೆಯಲ್ಲಿ ನಿಂತು ನೋಡುತ್ತಿದ್ದೆ. ಹೇಳಿಬಿಡಬೇಕು ಅಂದುಕೊಂಡು ಹೋಗುವುದು, “ಚಾ ಕುಡೀತೀಯೇನ?” ಎಂದು ಕೇಳಿ ವಾಪಸ್ ಬರುವುದು.

ಆಮೇಲೆ ಸಿಡ್ನಿ ತೋರಿಸಲು ಕರೆದುಕೊಂಡು ಹೋದೆವು. ಅಲ್ಲಿನ ಪ್ರಸಿದ್ಧ ಸೇತುವೆಯ ಮುಂದೆ ಫೋನಿನಲ್ಲಿ ಅವಳ ನೂರು ಫೋಟೋ ತೆಗೆದೆ. “ನೂರ್ ತಗೀತಿ, ಒಂದರೆ ತೊಳಸ್ತೀಯೇನ?” ಅಂದಳು. ತೊಳೆಸುವುದೆಂದರೆ ಅವಳಿಗೆ ಪ್ರಿಂಟ್ ಹಾಕಿಸುವುದು. ಮರುದಿನ ಭಾನುವಾರ, ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಹತ್ತಿರ ಹಳೆಯ ಸಾಮಾನುಗಳ ಮಾರ್ಕೆಟ್. ನನ್ನ ಗಂಡ ಪಾರ್ಕಿಂಗ್ ಹುಡುಕುತ್ತ ಸುತ್ತುತ್ತಿದ್ದ. ನಾವಿಬ್ಬರೂ ಮುಂದೆ ನಡೆದೆವು. ಒಬ್ಬ ಮುದುಕ ಮೇಜಿನ ಮೇಲೆ ಮರದ ಪೆಟ್ಟಿಗೆಯಂಥ ಕ್ಯಾಮೆರಾದಿಂದ ಹಿಡಿದು ಮೊನ್ನೆ ಮೊನ್ನೆಯ ಡಿಜಿಟಲ್‌ವರೆಗೆ ಸಾಲಾಗಿ ಇಟ್ಟಿದ್ದ. ನಡುವೆ ಇತ್ತು ನಮ್ಮದು. ಅದೇ ಕಪ್ಪು ಮೈ, ಅದೇ ಬೆಳ್ಳಿ ಬಣ್ಣದ ತಲೆ.

ಅವ್ವ ಅದನ್ನು ಎತ್ತಿಕೊಂಡು, ಬಲಗೈ ಹೆಬ್ಬೆರಳಿನಿಂದ ಸರ್ರನೆ ಲಿವರ್ ಎಳೆದಳು.

“ಇದರಾಗ ರೋಲ್ ಐತಿ.”

ಮುದುಕನನ್ನು ಕೇಳಿದೆ. ಹೌದಂತೆ, ಕ್ಯಾಮೆರಾ ಸರಿಯಿದೆಯೋ ನೋಡಲು ತಾನೇ ಹಾಕಿದ್ದಂತೆ.

“ನಿನಗ ಹೆಂಗ ಗೊತ್ತಾತವ್ವಾ?”

“ಎಡಗಡಿ ಗುಂಡಿ ತಿರಗತೈತಿ ನೋಡು. ಒಳಗ ರೋಲ್ ಇದ್ರಷ್ಟ ಅದು ತಿರಗೂದು. ನಿಮ್ಮಪ್ಪ ನಿನಗಿಂತ ಮದಲ ನನಗ ಕಲಿಸಿದ್ದ.” ಕ್ಯಾಮೆರಾ ಕೆಳಗಿಟ್ಟು, ನನ್ನ ಮುಖ ನೋಡದೆ, “ನಮ್ಮವ್ವ ಕುಂತಾಗ ತಿರಗಿದ್ದಿಲ್ಲ,” ಅಂದಳು.

ನನಗೆ ಸಿಟ್ಟು ಬೇಗ, ಅಳು ಇನ್ನೂ ಬೇಗ. ಮೊದಲು ಬಂದದ್ದು ಸಿಟ್ಟೇ. “ಗೊತ್ತಿದ್ದೂ ಇಪ್ಪತ್ತು ವರ್ಷ ನನ್ನ ಉರಿಸಿದೆಲ್ಲವ್ವಾ! ವರ್ಷಾ ವರ್ಷಾ ಯಾಕ ಕೇಳ್ತಿದ್ದಿ?”

“ಈ ವರ್ಷರ ಹೇಳ್ತಿ ಅಂತ.”

“ಅವತ್ತ ಅಲ್ಲೇ ಬೈಯಬೇಕಿಲ್ಲೇನ? ರೋಲ್ ಇರೂ ಕ್ಯಾಮೆರಾ ತಗೋ ಅನಬೇಕಿಲ್ಲೇನ?”

“ನೀ ಲಿವರ್ ಎಳದಾಗ ನೋಡಿದೆ. ಬಾಯಿ ತಗಿಯೂದ್ರಾಗ ಬೆಳಕು ಬಿತ್ತು, ಆಕಿ ನಕ್ಕಳು. ಜಲ್ಮಕ್ಕೊಮ್ಮೆ ಕ್ಯಾಮೆರಾದ ಮುಂದ ಕುಂತಿದ್ದಳವಾ. ನಿಂದು ತಗದೇ ಇಲ್ಲಬೇ ಅಂತ ಹೆಂಗ ಹೇಳ್ಲಿ?” ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಇನ್ನೊಮ್ಮೆ ತಗಸೋಣು ಅಂತ ನಾನೂ ಸುಮ್ನಾದೆ. ತಪ್ಪು ನಿನ್ನೊಬ್ಬಾಕಿದಲ್ಲ.”

ಆ ಸಂತೆಯ ನಡುವೆ ನಿಂತು ಅತ್ತೆ. ಮುದುಕ ಗಾಬರಿಯಾಗಿ ತನ್ನ ಮಡಚುವ ಕುರ್ಚಿ ತಂದು ನನ್ನ ಮುಂದೆ ಹಾಕಿದ. ಅದರಲ್ಲಿ ಅವ್ವ ಹೋಗಿ ಕೂತಳು!

“ಕ್ಯಾಮೆರಾ ಕೊಂಡ್ಕೋ. ನಂದೊಂದು ತಗೀ. ತೊಳಸಿ ಕೊಡು, ಆ ಗ್ವಾಡಿ ಮೊಳಿಗೆ ಹಾಕ್ತೀನಿ. ಥೇಟ್ ನಮ್ಮವ್ವನ ಮಾರಿ ನಂದು ಅಂತಾರ ಎಲ್ಲಾರೂ.”

“ಇದ್ದವರ ಫೋಟೋ ಅಲ್ಲಿ ಹಾಕ್ತಾರೇನವ್ವಾ? ಬಿಡ್ತು ಅನ್ನು.”

“ಮಾಲಿ ಹಾಕಬ್ಯಾಡ್ರಿ, ಅಷ್ಟ.”

ಕಣ್ಣೊರೆಸಿಕೊಂಡು ಕ್ಯಾಮೆರಾ ಎತ್ತಿದೆ. ಅವಳು ಆಗಲೇ ಎಳೆದಿದ್ದ ಲಿವರ್ ಒಂದು ಫೋಟೋ ತೆಗೆಯದೆ ಮತ್ತೆ ಬರುವುದಿಲ್ಲ. ನನ್ನ ಕಾಲಿನದೊಂದು ತೆಗೆದು ಹಾಳುಮಾಡಿ, ಮತ್ತೆ ಎಳೆದೆ. ಅವ್ವ ನನ್ನನ್ನು ನೋಡಲಿಲ್ಲ, ಲೆನ್ಸನ್ನೂ ನೋಡಲಿಲ್ಲ. ಕುತ್ತಿಗೆ ಚಾಚಿ ಎಡಗಡೆಯ ಗುಂಡಿಯನ್ನೇ ನೋಡುತ್ತಿದ್ದಳು. ಅದು ತಿರುಗಿ ನಿಂತ ಮೇಲೆಯೇ ಸೆರಗು ಸರಿಮಾಡಿಕೊಂಡು ನಕ್ಕಳು.